ಸಾಲಿ ಕರ ಅಂದ್ರ ಸಾಕು, ಊರಿಗೆ ಕಿವಿ ಕೇಳಂಗಿಲ್ಲ

ಸರ್ಕಾರಿ ಸಾಲ್ಯಾಗ ಕೆಲಸ ಮಾಡೋರು ನಗೋ ಸಂಗತಿ ಹುಡುಕ್ಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಊರ ಮುಂದ ನಿಂತು "ಸಾಲಿಗೆ ರೊಕ್ಕ ಬೇಕು" ಅಂತ ಒಮ್ಮಿ ಬಾಯಿ ಬಿಟ್ರ ಸಾಕು, ಅವೇ ಬೆನ್ನು ಹತ್ತಿ ಬರ್ತಾವ.

ನಾನು ಹೆಡ್ ಟೀಚರು. ಮನಿ ಬಳ್ಳಾರಿ ಪಾರ್ವತಿನಗರದಾಗ, ಸಾಲಿ ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿ ಕಡಿ ಒಂದು ಹಳ್ಳ್ಯಾಗ. ಊರ ಹೆಸರು ಹೇಳಂಗಿಲ್ಲ. ರಿಟೈರ್ ಆಗಾಕ ಇನ್ನೂ ಟೈಮ್ ಐತಿ, ಅಲ್ಲೀ ಮಟ ಆ ಊರಾಗೇ ಚಹಾ ಕುಡಿಯೋದೈತಿ.

ನಮ್ಮ ಸಾಲಿ ಏಳನೇ ಕ್ಲಾಸಿಗೆ ಮುಗೀತೈತಿ. ಅದಾದ ಮ್ಯಾಲೆ ಗಂಡು ಹುಡ್ರು ಬಸ್ ಹತ್ತಿ ಸಿರುಗುಪ್ಪಕ್ಕ ಹೋಗ್ತಾರ, ಹುಡುಗ್ಯಾರು ಅವ್ವನ ಕೂಡ ಮೆಣಸಿನಕಾಯಿ ಹೊಲಕ್ಕ ಹೋಗ್ತಾರ. ಎಂಟನೇ ಕ್ಲಾಸು ಕೊಡ್ರಿ ಅಂತ ಕೇಳಿದ್ರ ಮ್ಯಾಲಿನವರು, "ಎರಡು ರೂಮು, ಹೆಣ್ಮಕ್ಕಳಿಗೆ ಒಂದು ಪಾಯಿಖಾನಿ ತೋರಿಸ್ರಿ, ಕೊಡ್ತೀವಿ" ಅಂದ್ರು. ರೂಮು ಕೊಡ್ರಿ ಅಂತ ಕೇಳಿದ್ರ, "ಎಂಟನೇ ಕ್ಲಾಸು ಇದ್ರ ಕೊಡ್ತೀವಿ" ಅಂದ್ರು. ಇವರನ್ನ ನಂಬಿದ್ರ ಹುಡುಗ್ಯಾರಿಗೆ ಮೊಮ್ಮಕ್ಕಳಾಗ್ತಾವ ಅಂತ ನನಗ ಗೊತ್ತಾತು.

ಕೊನಿಗೆ ಪಂಚಾಯ್ತಿ ಬಿಲ್ ಕಲೆಕ್ಟರ್, ಊರಿನ ಮನಿ ಕಂದಾಯ ಎತ್ತೋ ಮನುಷ್ಯ, ಒಂದು ದಾರಿ ಹೇಳಿದ. ಮನಿ ಕಂದಾಯದ ಜೊತಿಗೆ ಸಾಲಿ ಕರ ಅಂತ ಒಂದೀಟು ಸೇರಿಸಬೇಕು, ಗ್ರಾಮಸಭ್ಯಾಗ ಊರು ಹೂಂ ಅನ್ನಬೇಕು, ರೂಮು ನಾವೇ ಕಟ್ಟಬೇಕು. ಆ ವರ್ಷ ಏಳನೇ ಕ್ಲಾಸಿನ್ಯಾಗ ಒಬ್ಬಾಕಿ ಇದ್ಲು. ಬೋರ್ಡಿನ ಮ್ಯಾಲೆ ನಾನು ಲೆಕ್ಕ ತಪ್ಪಿದ್ರ ಬಾಯಿ ಮುಚ್ಚಿಕೊಂಡು ನಗಾಕಿ, ಆಮ್ಯಾಲೆ ಎದ್ದು ನಿಂತು ತಿದ್ದಾಕಿ. ಬ್ಯಾಸಗಿ ಕಳದ್ರ ಆಕೀನೂ ಹೊಲಕ್ಕ ಹೊಂಟಾಕಿನೇ. ಆಕಿ ಮಾರಿ ನೋಡಿ ನಾನು ಸೆರಗು ಸಿಗಿಸಿ ಹೊಂಟೆ.

ನಮ್ಮಪ್ಪ ಕಾಣವಲ್ಲ!

ಮೊದ್ಲು ಹೋಗಿದ್ದು ಊರ ಸಾವುಕಾರ್ರ ಮನಿಗೆ. ಊರಾಗ ಅರ್ಧ ಮೆಣಸಿನಕಾಯಿ ಹೊಲ ಅವರದು. ದೊಡ್ಡ ಮನಸ್ಸಿನವರು ಅಂತ ಹೆಸರು, ಆ ಹೆಸರು ಇಟ್ಟವರೂ ಅವರೇ.

"ತೆರಿಗೀನಾ?" ಅಂತ ಮಾರಿ ಗಂಟು ಹಾಕ್ಕೊಂಡ್ರು. "ಮೇಡಮ್ಮಾರ, ನಾನು ದಾನ ಕೊಡೋ ಮನುಷ್ಯ. ತೆರಿಗಿ ಕೊಟ್ರ ಏನು ಬರ್ತೈತಿ? ರಶೀದಿ. ದಾನ ಕೊಟ್ರ ಹೆಸರು ಬರ್ತೈತಿ. ನಿಮಗ ಒಂದು ಫ್ಯಾನ್ ಕೊಡ್ತೀನಿ ತಗೋರಿ."

ಕೇಳಿದ್ದು ಎರಡು ರೂಮು, ಸಿಕ್ಕಿದ್ದು ಒಂದು ಫ್ಯಾನು. ಬ್ಯಾಡ ಅನ್ನಾಕಾಗ್ತೈತೇನು, ತಗೊಂಡೆ. ಸಿರುಗುಪ್ಪದಿಂದ ಪೇಂಟರ್ ಬಂದ. ಫ್ಯಾನಿಗೆ ಮೂರು ರೆಕ್ಕಿ ನೋಡ್ರಿ, ಒಂದರ ಮ್ಯಾಲೆ ಸಾವುಕಾರ್ರ ಅಜ್ಜನ ಹೆಸರು, ಇನ್ನೊಂದರ ಮ್ಯಾಲೆ ಅಪ್ಪನ ಹೆಸರು, ಮೂರನೇದರ ಮ್ಯಾಲೆ ಸ್ವತಃ ಸಾವುಕಾರ್ರು. ಕೆಂಪು ಅಕ್ಷರ, ಹಳದಿ ಬಾರ್ಡರು. ಊರವರೆಲ್ಲ ಬಂದ್ರು, ಕಾಯಿ ಒಡದ್ರು, ಪೇಢೆ ಹಂಚಿದ್ರು, ಸಾವುಕಾರ್ರು ಸ್ವಿಚ್ ಒತ್ತಿದ್ರು. ಫ್ಯಾನ್ ಗರ್ರಂತ ತಿರುಗಿತು. ಹುಡ್ರು ಹೋ ಅಂತ ಚಪ್ಪಾಳಿ ಹೊಡದ್ರು.

ಸಾವುಕಾರ್ರು ಮಾತ್ರ ಮ್ಯಾಲೆ ನೋಡಿ ಗಾಬರಿಯಾದ್ರು. "ಏ, ಏ, ಬಂದ್ ಮಾಡ್ರಿ! ಬಂದ್ ಮಾಡ್ರಿ ಮೊದ್ಲು! ನಮ್ಮಪ್ಪ ಕಾಣವಲ್ಲ!"

ಬಂದ್ ಮಾಡಿದ್ವಿ. ಅಪ್ಪ ಕಂಡ್ರು, ಅಜ್ಜ ಕಂಡ್ರು, ಸಾವುಕಾರ್ರಿಗೆ ಸಮಾಧಾನ ಆತು. ಮರುದಿನದಿಂದ ಹೋಟೆಲಿಗೆ ಹೋಗೋ ದಾರ್ಯಾಗ ಕಿಡಕ್ಯಾಗ ಹಣಕಿ ನೋಡಾಕ ಹತ್ತಿದ್ರು. ಫ್ಯಾನ್ ತಿರುಗ್ತಿದ್ರ ಮಾರಿ ಸಣ್ಣದಾಗೋದು. ಕರೆಂಟಿನವನ್ನ ಕರಸಿ, "ಓದಾಕ ಬರೋವಷ್ಟು ಜೋರು ಇಡಪಾ" ಅಂದ್ರು. ಅವ ರೆಗ್ಯುಲೇಟರ್ ಬಿಚ್ಚಿ ಏನೋ ಮಾಡಿದ. ಅವತ್ತಿನಿಂದ ಫ್ಯಾನು ಬ್ಯಾಸರಾದ ಎತ್ತಿನಂಗ ಒಂದು ಸುತ್ತು ಹಾಕೋದು, ನಿಂದ್ರೋದು. ಆಮ್ಯಾಲೆ ಅದೂ ಬಿಡ್ತು.

ಸಿರುಗುಪ್ಪದ ಬ್ಯಾಸಗಿ ನಿಮಗ ಗೊತ್ತೈತಲ್ಲ. ನಿಂತ ಫ್ಯಾನಿನ ಬುಡಕ ಹುಡ್ರು ಪಾಟಿಲೆ ಗಾಳಿ ಹಾಕ್ಕೊಂತ ಕುಂತಿರ್ತಿದ್ವು. ಒಂದು ಲಾಭ ಮಾತ್ರ ಆತು, ಸುಳ್ಳು ಯಾಕ ಹೇಳಬೇಕು? ಒಂದನೇ ಕ್ಲಾಸಿನ ಹುಡ್ರು ಅ ಆ ಇ ಈ ಕಲಿಯೋಕಿಂತ ಮೊದ್ಲು ಸಾವುಕಾರ್ರ ಅಪ್ಪನ ಹೆಸರು ತಪ್ಪಿಲ್ಲದಂಗ ಓದಾಕ ಕಲ್ತ್ರು.

ಬಿಲ್ಡಿಂಗ್ ಫಂಡ್

ಹಳ್ಳಿ ಮಂದಿಗೆ ತಿಳುವಳಿಕಿ ಕಮ್ಮಿ, ಸಿಟಿ ಮಂದಿ ಕೂಡ ಮಾತಾಡಬೇಕು ಅಂತ ಒಂದು ದಿನ ಸಂಜಿಕ ಪಾರ್ವತಿನಗರದಾಗ ನಮ್ಮ ಪಕ್ಕದ ಮನಿಗೆ ಹೋದೆ. ಆ ಮನಿ ಯಜಮಾನ್ರು ಕಂಟ್ರಾಕ್ಟರು. ಜಗತ್ತಿನ ಸುದ್ದಿ ಎಲ್ಲಾ ಮೊಬೈಲಿನ್ಯಾಗ ನೋಡಿ ತಿಳಕೊಂಡವರು.

ನಾನು ಸಾಲಿ ಕರದ ಮಾತು ತೆಗೆದೆನೋ ಇಲ್ಲೋ, ಸೋಫಾದ ಮ್ಯಾಲೆ ನೆಟ್ಟಗ ಕುಂತ್ರು. "ಬರೋಬ್ಬರಿ ಐತಿ ಮೇಡಂ! ಫಿನ್ಲೆಂಡ್ ದೇಶದಾಗ ಮಂದಿ ನಕ್ಕೋಂತ ತೆರಿಗಿ ಕಟ್ತಾರ. ಅದಕ್ಕ ಅಲ್ಲಿ ಸರ್ಕಾರಿ ಸಾಲಿ ಅಂದ್ರ ಅರಮನಿ. ನಮ್ಮ ಮಂದಿಗೆ ಬುದ್ಧಿ ಯಾವಾಗ ಬರ್ತೈತೋ ಏನೋ!"

ನನಗ ಭಾಳ ಸಂತೋಷ ಆತು. "ಹಂಗಾರ ಸರ್, ಕೊಳಗಲ್ಲು ಕಡಿ ನಿಮ್ದೊಂದು ಗೋಡೌನ್ ಐತಲ್ಲ, ಅಲ್ಲೂ ಇಂಥಾದ್ದೊಂದು ಕರ ಹಾಕಿದ್ರ ಆ ಊರ ಸಾಲಿಗೂ ಚಲೋ ಆಗ್ತೈತಿ, ಅಲ್ರೀ?"

ಅವರು ಸೋಫಾಕ್ಕ ಒರಗಿದ್ರು. "ಕೊಳಗಲ್ಲು ಫಿನ್ಲೆಂಡ್ ಅಲ್ಲ ಮೇಡಂ."

ಅಷ್ಟೊತ್ತಿಗೆ ಅವರ ಮನಿಯವರು ಮೊಮ್ಮಗನ ಕಾನ್ವೆಂಟಿನಿಂದ ಬಂದ ಚೀಟಿ ತಂದು ಓದಿದ್ರು. ಸ್ಮಾರ್ಟ್ ಬೋರ್ಡ್ ಫಂಡ್, ಹಸಿರು ಫಂಡ್, ಬಿಲ್ಡಿಂಗ್ ಫಂಡ್. ಮೊಮ್ಮಗ ಇನ್ನೂ ಯುಕೆಜಿ. ಯಜಮಾನ್ರು ಒಂದು ಮಾತೂ ಕೇಳ್ದಂಗ ಮೊಬೈಲಿನ್ಯಾಗ ಟಕ್ ಅಂತ ಕಳಿಸಿದ್ರು.

ನಾನು ತಡಿಯಾಕಾಗದೆ ಕೇಳಿದೆ. "ಆ ಬಿಲ್ಡಿಂಗ್ ಎಲ್ಲಿ ಕಟ್ಟಾಕತ್ಯಾರ್ರೀ?"

"ಹಂಗೆಲ್ಲ ಕೇಳಬಾರದು ಮೇಡಂ. ಕೇಳಿದ್ರ ಹುಡುಗನ್ನ ಬ್ಯಾರೆ ತರಾ ನೋಡ್ತಾರ."

ಅವರ ಮನಿಯವರು ಕನ್ನಡಕ ತೆಗೆದು ನನ್ನ ಕಡಿ ನೋಡಿದ್ರು. "ಆ ಬಿಲ್ಡಿಂಗ್ ಆಗಲೇ ಮುಗದೈತಿ ಟೀಚರ್. ಕಟ್ಟಿದವರು ಇವರೇ. ಇವರಿಗೇ ಇನ್ನೂ ಬಿಲ್ ಕೊಟ್ಟಿಲ್ಲ."

ಒಗ್ಗರಣಿ-ಮಿರ್ಚಿ

ಸಾಲಿ ಕರ ಎಷ್ಟು ಅಂತ ಊರಾಗ ಒಬ್ಬೊಬ್ಬರು ಒಂದೊಂದು ಹೇಳಾಕ ಹತ್ತಿದ್ರು. ಒಬ್ಬ ಎಮ್ಮಿ ಮಾರಬೇಕಾಗ್ತೈತಿ ಅಂದ, ಇನ್ನೊಬ್ಬ ಮನಿ ಜಪ್ತಿ ಆಗ್ತೈತಿ ಅಂದ. ಇದನ್ನ ಸರಿ ಮಾಡಬೇಕು ಅಂತ ಬೆಳಿಗ್ಗೆ ಬಸ್ ಇಳಿದವಳೇ ಬಿಲ್ ಕಲೆಕ್ಟರನ್ನ ಕರ್ಕೊಂಡು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದೆ. ಊರ ಗಂಡಸ್ರೆಲ್ಲ ಆ ಹೊತ್ತಿಗೆ ಅಲ್ಲೇ ಇರ್ತಾರ, ನೀವು ಮಂಡಕ್ಕಿ ಅಂತೀರಲ್ಲ, ಆ ಮಂಡಾಳು ಒಗ್ಗರಣಿ ಮುಂದ, ಮಿರ್ಚಿ ಬಜಿ ಕೈಯಾಗ.

"ನೋಡ್ರಿ ಯಪ್ಪಾ, ಗಾಬರಿ ಆಗಬ್ಯಾಡ್ರಿ. ಮನಿಗೆ ತಿಂಗಳಿಗೆ ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿ ರೊಕ್ಕ, ಅಷ್ಟೇ" ಅಂದೆ.

ಒಬ್ಬ ಹಿರ್ಯಾ ಬಾಯಾಗಿನ ಬಜಿ ನುಂಗಿ, "ಒಂದು ಪ್ಲೇಟ್ ಅಂದ್ರ ಸಣ್ಣ ಮಾತಲ್ಲವಾ" ಅಂದ. ಪಕ್ಕದವ ಹೌದಂದ. ಬಡವರ ಹೊಟ್ಟಿ ಮ್ಯಾಲೆ ಹೊಡಿಯಾಕ ಬಂದ್ರು ಅಂತ ಮೂಲ್ಯಾಗಿಂದ ಒಬ್ಬ ಎದ್ದ. ಮಾತಿಗೆ ಮಾತು ಬೆಳೀತು. ಮಾತು ಬೆಳದಂಗ ಬಾಯಿ ಒಣಗ್ತೈತಲ್ಲ, "ಲೇ, ಇನ್ನೊಂದು ಪ್ಲೇಟ್ ಕೊಡಲೇ" ಅಂದ ಹಿರ್ಯಾ. ಹೌದಂದವಗೂ ಒಂದು ಬೇಕಾತು. ಬಡವರ ಪರ ಎದ್ದವ ನಿಂತ್ಕೊಂಡೇ ಎರಡು ತಿಂದ, ಮ್ಯಾಲೆ ಚಹಾ. ಸಾಲಿ ಕರ ಹಾಕಿದ್ರ ಊರು ಮುಳುಗ್ತೈತಿ ಅನ್ನೋ ತೀರ್ಮಾನಕ್ಕ ಬರೋದ್ರಾಗ ಅವರೆಲ್ಲ ಕೂಡಿ ವರ್ಷದ ಕರ ತಿಂದು ಮುಗಿಸಿದ್ರು.

ನಾನು ಸೋತು ಹೊರಗ ಬಂದೆ. ಹೋಟೆಲ್ ಮಾಲಕ ಹಿಂದೇ ಓಡಿ ಬಂದ, ಕೈ ಒರಸ್ಕೊಂತ. ಇವನಾದ್ರೂ ಒಬ್ಬ ನಮ್ಮ ಪರ ಅದಾನ ಅಂದ್ಕೊಂಡೆ.

"ಮೇಡಮ್ಮಾರ, ಗ್ರಾಮಸಭಿ ಇನ್ನೊಂದು ತಿಂಗಳು ಮುಂದಕ್ಕ ಹಾಕಸ್ರಿ" ಅಂದ. "ನೀವು ಈ ಸುದ್ದಿ ತೆಗೆದಾಗಿಂದ ಯಾಪಾರ ಭಾಳ ಚಲೋ ಐತಿ."

ಹಾಲಿನ್ಯಾಗ ಎಮ್ಮಿ

ಕುರುಗೋಡಿನ್ಯಾಗ ನಮ್ಮ ಭಾವ ಅದಾರ, ಅಕ್ಕನ ಗಂಡ. ಜೀವಮಾನ ಪೂರ್ತಿ ಸರ್ಕಾರಿ ಸಾಲಿ ಹೆಡ್ ಮಾಸ್ತರಾಗಿ ರಿಟೈರ್ ಆದವರು. ಮಂದಿನ್ನ ಹೆಂಗ ಒಪ್ಪಿಸಬೇಕು ಅಂತ ಕೇಳಾಕ ಒಂದು ಭಾನುವಾರ ಅವರ ಹತ್ರ ಹೋದೆ. ಊರ ಹೊರಗ ಹೊಸ ಮನಿ ಕಟ್ಯಾರ. ಗೃಹಪ್ರವೇಶದಾಗ ನಮ್ಮನ್ನೆಲ್ಲ ಕೈ ಹಿಡಿದು ತಿರುಗಿಸಿ, "ಈ ಟೈಲ್ಸ್ ಗುಜರಾತಿಂದು, ಈ ಬಾಗಲಾ ತೇಗಿಂದು" ಅಂತ ಕಂಡ ಕಂಡದ್ದೆಲ್ಲ ಮುಟ್ಟಿ ಮುಟ್ಟಿ ತೋರಿಸಿದ್ರು.

ಅವತ್ತು ನಾನು ಹೋದಾಗ ಆ ಗುಜರಾತಿನ ಟೈಲ್ಸಿನ ಮ್ಯಾಲೆ ಒಂದು ಎಮ್ಮಿ ನಿಂತಿತ್ತು.

"ಭಾವಾ, ಏನಿದು?"

"ಶ್! ಕಂದಾಯಕ್ಕ ಅಳಿಯಾಕ ಬರೋರದಾರ. ಇದು ಮನಿ ಅಲ್ಲ, ದನದ ಕೊಟ್ಟಿಗಿ ಅಂತ ಹೇಳೀನಿ. ನೀ ಸುಮ್ನಿರು."

"ಭಾವಾ, ಆ ಕಂದಾಯದಾಗ ಸಾಲಿ ಪಾಲೂ ಐತಲ್ರೀ! ನೀವು ಸಾಲಿ ಸಲುವಾಗಿ ಜೀವ ತೇಯ್ದವರು..."

"ಜೀವ ತೇಯ್ದಾತಲ್ಲ ತಂಗೀ, ಇನ್ನು ರೊಕ್ಕಾನೂ ತೇಯಬೇಕೇನು?"

ಬಾಜು ಮನಿಯಿಂದ ಬಾಡಿಗಿಗೆ ತಂದ ಎಮ್ಮಿ ಅದು. ಕಂದಾಯದವರು ಬಂದ್ರು. ಷೋಕೇಸ್ ನೋಡಿದ್ರು, ಟಿವಿ ನೋಡಿದ್ರು, ಎಮ್ಮಿನ್ನೂ ನೋಡಿದ್ರು. ಅವರ ಪೈಕಿ ಒಬ್ಬ ಭಾವನ ಸಾಲ್ಯಾಗೇ ಓದಿದವ. "ನಮಸ್ಕಾರ ಸಾರ್" ಅಂತ ಕಾಲು ಮುಟ್ಟಿದ. "ಹಿಂಡ್ರಿ ಸಾರ್, ನೋಡೋಣ" ಅಂದ.

ಭಾವ ಜಲಮದಾಗ ಎಮ್ಮಿ ಮುಟ್ಟಿದವರಲ್ಲ. ಹೋಗಿ ಬುಡಕ ಕುಂತ್ರು. ಎಮ್ಮಿಗೂ ಟೈಲ್ಸ್ ಹೊಸಾದು, ಭಾವನೂ ಹೊಸಬರು. ಕಾಲು ಝಾಡಿಸಿತು, ಜಾರಿತು, ಸೋಫಾದ ಮ್ಯಾಲೆ ಕುಂತು ಬಿಡ್ತು. ಎಬ್ಬಸಾಕ ಮೂರು ಮಂದಿ ಕೈ ಹಚ್ಚಿದ್ರೂ ಏಳಲಿಲ್ಲ. ಸಗಣಿ ಬ್ಯಾರೆ ಹಾಕ್ತು. ಶಿಷ್ಯ ಮಾತ್ರ ಟೇಪು ಹಿಡಕೊಂಡು ನಿಧಾನಕ್ಕ ಹಾಲು ಅಳಿದು, ಪೂರ್ತಿ ಮನಿ ಅಂತಲೇ ಬರಕೊಂಡು, ಮತ್ತ ಕಾಲು ಮುಟ್ಟಿ ಹೋದ.

ನಮ್ಮಕ್ಕ ಒಳಗಿಂದ ಕಸಬರಿಗಿ ತಂದು ಭಾವನ ಕೈಯಾಗ ಕೊಟ್ಲು. "ಎಮ್ಮಿ ಸೋಫಾದ ಮ್ಯಾಲೆ ಇರ್ಲಿ, ಪಾಪ, ಅದು ಸುಳ್ಳು ಹೇಳಿಲ್ಲ. ನೀವು ಹೊರಗ ನಡೀರಿ."

ವಿಚಾರ ಮಾಡೋಣ

ನಮ್ಮ ಊರ ಪಂಚಾಯ್ತಿಗೆ ಅಧ್ಯಕ್ಷಿ ಹೆಣ್ಮಗಳು. ಸೀಟು ಹೆಣ್ಮಕ್ಕಳಿಗೆ ಬಂದಿತ್ತು, ಹೆಂಡ್ತಿನ್ನ ನಿಂದ್ರಿಸಿ ಗಂಡ ಗೆದ್ದ. ಖುರ್ಚಿ ಮ್ಯಾಲೆ ಕುಂದ್ರಾವ ಅವ, ಹಾರ ಹಾಕಿಸ್ಕೊಳ್ಳಾವ ಅವ. ಅಧ್ಯಕ್ಷಿ ಮನ್ಯಾಗ ರೊಟ್ಟಿ ಬಡೀತಾಳ.

ಸಾಲಿ ಕರದ ವಿಷಯ ಗ್ರಾಮಸಭಿಗೆ ಇಡ್ರಿ ಅಂತ ಕೇಳಾಕ ನಾನೂ ಬಿಲ್ ಕಲೆಕ್ಟರನೂ ಅವರ ಮನಿಗೆ ಹೋದ್ವಿ. ಗಂಡ ಹೊರಸಿನ ಮ್ಯಾಲೆ ಕುಂತಿದ್ದ. ಸಾವುಕಾರ್ರ ಮೆಣಸಿನಕಾಯಿ ಲಾರಿ ಲೋಡ್ ಮಾಡಸೋ ಕೆಲಸ ಅವಂದೇ, ಹಂಗಾಗಿ ಸಾವುಕಾರ್ರು ಕೆಮ್ಮಿದ್ರ ಇವ ನೀರು ಕುಡೀತಾನ.

"ವಿಚಾರ ಮಾಡೋಣ" ಅಂದ.

"ರೂಮು ಇಲ್ಲಂದ್ರ ಎಂಟನೇ ಕ್ಲಾಸು ಬರಂಗಿಲ್ರೀ."

"ವಿಚಾರ ಮಾಡೋಣ."

"ಹೆಣ್ಮಕ್ಕಳು ಸಾಲಿ ಬಿಡ್ತಾರ್ರೀ."

"ಅದನ್ನೂ ವಿಚಾರ ಮಾಡೋಣ."

ನನಗ ಮೈ ಉರೀತು. "ಅಧ್ಯಕ್ಷರು ಏನಂತಾರ ಅವರನ್ನೇ ಕೇಳೋಣಲ್ರೀ" ಅಂದೆ.

"ಆಕಿ ಹೂಂ ಅಂತಾಳ."

"ಯಾವುದಕ್ಕ ಹೂಂ?"

"ನಾ ಏನಂದ್ರ ಅದಕ್ಕ."

ಒಳಗ ರೊಟ್ಟಿ ಬಡಿಯೋ ಸಪ್ಪಳ ನಿಂತಿತು. ಒಂದೀಟು ಹೊತ್ತಿಗೆ ಅಧ್ಯಕ್ಷಿ ಚಹಾ ಹಿಡಕೊಂಡು ಬಂದ್ಲು. ಹಿಟ್ಟಿನ ಕೈ, ಮಾರಿ ಮ್ಯಾಲೆ ನಗು ಇಲ್ಲ, ಸಿಟ್ಟೂ ಇಲ್ಲ. ನನಗೊಂದು ಕಪ್ಪು ಕೊಟ್ಲು, ಬಿಲ್ ಕಲೆಕ್ಟರಗ ಒಂದು ಕೊಟ್ಲು, ತಾಟು ಖಾಲಿ ಆತು. ಗಂಡ ಚಾಚಿದ ಕೈ ಚಾಚಿದಂಗ ಇತ್ತು.

"ನಂದು?" ಅಂದ.

"ವಿಚಾರ ಮಾಡೋಣ" ಅಂದು ಒಳಗ ಹೋದ್ಲು.

ಒಂದು ಮಾತೂ ಬಿಡದಂಗ

ವಿಷಯ ಗ್ರಾಮಸಭಿಗೆ ಬಂತು. ಯಾರು ಇಟ್ರು, ಹೆಂಗ ಇಟ್ರು ಅಂತ ನಾನು ಕೇಳಲಿಲ್ಲ. ಆದ್ರ ಸಾವುಕಾರ್ರೂ ಕಡಿಮಿ ಇಲ್ಲ ನೋಡ್ರಿ. ಮೆಣಸಿನಕಾಯಿ ಬಿಡಸೋ ಸುಗ್ಗ್ಯಾಗ, ನಡು ಮಧ್ಯಾಹ್ನ ಸಭಿ ಇಡಿಸಿದ್ರು. ಆ ಹೊತ್ತಿನ್ಯಾಗ ಊರ ಹೆಂಗಸ್ರೆಲ್ಲ ಹೊಲದಾಗ ಇರ್ತಾರ, ಅದೂ ಅವರ ಹೊಲದಾಗೇ. ಸಭ್ಯಾಗ ಉಳಿಯೋರು ಹೋಟೆಲಿನ ಮಂದಿ.

ನಾನು ತಕರಾರು ಮಾಡಿದೆ. "ಹೆಂಗಸ್ರಿಗೆ ಸುದ್ದಿ ಮುಟ್ಟಬೇಕಲ್ರೀ" ಅಂದೆ. ಸಾವುಕಾರ್ರು ನಕ್ಕರು. "ಮುಟ್ಟಿಸೋಣ ಮೇಡಮ್ಮಾರ! ನಾಳೆ ಯಾರೂ ನಮಗ ಗೊತ್ತಿಲ್ಲ ಅನ್ನಬಾರದು."

ತಾವೇ ಬಾಡಿಗಿ ಕೊಟ್ಟು ಮೈಕ್‌ಸೆಟ್ ಸಾಬನ್ನ ಕರಸಿದ್ರು. ಈ ಸಾಬ್ ಅಂದ್ರ ಸುತ್ತ ಊರಾಗೆಲ್ಲ ಮದುವಿ ಮುಯ್ಯಿ ಕೂಗೋ ಮನುಷ್ಯ. ಯಾರು ಪಾತ್ರಿ ಕೊಟ್ರು, ಯಾರು ಸೀರಿ ಕೊಟ್ರು, ಯಾರು ಉಂಡು ಹಂಗೇ ಹೋದ್ರು, ಎಲ್ಲಾ ಊರಿಗೆ ಕೇಳಿಸಿ ಬಿಡೋ ಗಂಟಲು. "ಸಾಬ, ನೀರಿನ ಟ್ಯಾಂಕಿನ ಮ್ಯಾಲೆ ಹಾರ್ನ್ ಕಟ್ಟು, ಬಾಯಿ ಹೊಲದ ಕಡಿ ಇರ್ಲಿ. ಒಂದು ಮಾತೂ ಬಿಡದಂಗ ಅವರಿಗೆ ಕೇಳಬೇಕು, ತಿಳೀತಾ?" ಅಂತ ಸಾವುಕಾರ್ರು ಎಲ್ಲರ ಮುಂದ ಹುಕುಂ ಮಾಡಿದ್ರು. ಕೇಳಿದ್ರೂ ಕೂಲಿ ಬಿಟ್ಟು ಯಾರು ಬರ್ತಾರ ಅನ್ನೋ ಧೈರ್ಯ.

ಸಾಲಿ ಅಂಗಳದಾಗ ಸಭಿ. ಅಧ್ಯಕ್ಷಿ ಅವತ್ತು ಖುರ್ಚಿ ಮ್ಯಾಲೆ ಕುಂತಿದ್ಲು, ಗ್ರಾಮಸಭಿ ಅಂದ್ರ ಫೋಟೋ ತೆಗಿತಾರಲ್ಲ, ಅದಕ್ಕ. ಗಂಡ ಹಿಂದ ನಿಂತಿದ್ದ. ಟೇಬಲಿನ ಮ್ಯಾಲೆ ಮೈಕು, ಅದರ ಮುಂದ ಸಾವುಕಾರ್ರು.

ಭಾಷಣ ಏನ್ ಕೇಳ್ತೀರಿ! "ಸಾಲಿ ಅಂದ್ರ ಸರಸ್ವತಿ ಗುಡಿ. ಹೆಣ್ಣು ಮಗು ಓದಬೇಕು. ಆದ್ರ ತೆರಿಗಿ ಹಾಕೋದು ದಾರಿ ಅಲ್ಲ, ಸರ್ಕಾರ ಕೊಡಬೇಕು. ಕೊಡೋ ತನಕ ನಾವು ಕಾಯಬೇಕು." ಹೋಟೆಲಿನ ಮಂದಿ ಚಪ್ಪಾಳಿ ತಟ್ಟಿದ್ರು. ಕಾಯೋದಂತ! ಲೆಕ್ಕ ತಿದ್ದೋ ಆ ಹುಡುಗಿ ಕಾಯೋದ್ರಾಗ ಆಕಿ ಕೈ ಬೆರಳು ಮೆಣಸಿನಕಾಯಿ ಖಾರಕ್ಕ ಸುಟ್ಟು ಹೋಗಿರ್ತಾವ.

ಸಾವುಕಾರ್ರು ಭಾಷಣ ಮುಗಿಸಿ ಮೈಕಿನ ಬಾಜುಕೇ ಕುಂತ್ರು. ಅಧ್ಯಕ್ಷಿ ಗಂಡ ಬಗ್ಗಿ, "ಚಲೋ ಆತ್ರಿ ಧಣಿ" ಅಂದ. ಸಾವುಕಾರ್ರು ದನಿ ಸಣ್ಣ ಮಾಡಿ ಅವನ ಕಿವ್ಯಾಗ ಹೇಳಿದ್ರು:

"ಮತ್ತೇನಲೇ! ಅವರ ಹುಡುಗ್ಯಾರು ಎಂಟನೇ ಕ್ಲಾಸು ಓದಿದ್ರ ನನ್ನ ಮೆಣಸಿನಕಾಯಿ ಬಿಡಸಾಕ ನಿಮ್ಮತ್ತಿ ಬರ್ತಾಳೇನು?"

ಟ್ಯಾಂಕಿನ ಮ್ಯಾಲಿಂದ ಆ ಮಾತು ಊರ ದಾಟಿ, ಕಾಲುವಿ ದಾಟಿ, ಹೊಲಕ್ಕ ಹೋಗಿ ಮುಟ್ಟಿತು. ಅತ್ತಿ ಸುದ್ದಿ ಸುದ್ದಾ ಒಂದು ಅಕ್ಷರ ಬಿಡಲಿಲ್ಲ.

ಸಾವುಕಾರ್ರು ಮೈಕಿನ ಕಡಿ ನೋಡಿದ್ರು, ಆಮ್ಯಾಲೆ ಸಾಬನ ಕಡಿ. "ಲೇ ಸಾಬ! ಬಂದ್ ಮಾಡಾಕ ಏನಾಗಿತ್ತು?"

ಸಾಬ್ ಎದ್ದು ನಿಂತು ಕೈ ಮುಗಿದ. "ಮಾಲಕ್, ಒಂದು ಮಾತೂ ಬಿಡದಂಗ ಕೇಳಬೇಕು ಅಂತ ನೀವೇ ಹೇಳಿದ್ರಿ. ಮೈಕು ಬರೋಬ್ಬರಿ ಐತಿ."

ಏನೋ ಒಂದು ಹೇಳಿ ಸಭಿ ಮುಗಿಸಬೇಕು ಅಂತ ಗಂಡ ಒದ್ದಾಡಿದ. ಅಷ್ಟೊತ್ತಿಗೆ ಕಾಲುವಿ ದಂಡಿ ಮ್ಯಾಲೆ ಧೂಳು ಎದ್ದಿತು. ಹೆಂಗಸ್ರು ಬರಾಕ ಹತ್ತಿದ್ರು. ತಲಿಗೆ ಟವೆಲ್ಲು, ಸೀರಿ ಮ್ಯಾಲೆ ಗಂಡಸ್ರ ಹಳೇ ಅಂಗಿ, ಹೊಲದಾಗ ಹೆಂಗಿದ್ರೋ ಹಂಗೇ. ಮುಂದ ಬಿಡಸೋ ಗುಂಪಿನ ಮೇಸ್ತ್ರಿ, ನಮ್ಮ ಲೆಕ್ಕದ ಹುಡುಗಿ ಅವ್ವ.

ಅವರು ಅಂಗಳಕ್ಕ ಕಾಲಿಟ್ಟದ್ದೇ ತಡ, ಅವರ ಕೂಡ ಘಾಟೂ ಬಂತು. ಬೆಳಿಗ್ಗಿಂದ ಮೆಣಸಿನಕಾಯ್ಯಾಗ ಮುಣುಗಿದ ಕೈ, ಮೈ, ಬಟ್ಟಿ. ಮೊದ್ಲು ಹೋಟೆಲಿನ ಹಿರ್ಯಾ ಕೆಮ್ಮಿದ. ಆಮ್ಯಾಲೆ ಸಾಲಿಗೆ ಸಾಲೇ ಕೆಮ್ಮಾಕ ಹತ್ತಿತು.

ಮೇಸ್ತ್ರಿ ಸೀದಾ ಟೇಬಲಿಗೆ ಬಂದ್ಲು. ಸಾಬ್ ಮರ್ಯಾದೆಯಿಂದ ಮೈಕು ಎತ್ತಿ ಆಕಿ ಬಾಯಿ ಮುಂದ ಹಿಡಿದ. "ಧಣಿ, ಅವರ ಅತ್ತಿ ಬರೋದು ಬ್ಯಾಡ. ನಾವೇ ಬರ್ತೀವಿ, ಕೂಲಿ ಕೊಡ್ರಿ, ಬಿಡಸ್ತೀವಿ. ಆದ್ರ ನಮ್ಮ ಹುಡುಗ್ಯಾರು ಬರಂಗಿಲ್ಲ. ಅವರು ಸಾಲಿಗೆ ಹೋಗ್ತಾರ. ಕರ ಎಷ್ಟೈತೋ ನಾವು ಕಟ್ತೀವಿ. ಒಗ್ಗರಣಿ-ಮಿರ್ಚಿ ನಾವೇನು ದಿನಾ ತಿನ್ನೋರಲ್ಲ."

ನನ್ನ ಕಣ್ಣು ತುಂಬಿ ಬಂತು. ಘಾಟಿಗೆ ಅಂತ ಎಲ್ಲರಿಗೂ ಹೇಳಿದೆ. ಘಾಟೂ ಇತ್ತು, ಸುಳ್ಳಲ್ಲ.

ಅಧ್ಯಕ್ಷಿ ಮೊದಲನೇ ಸಲ ಬಾಯಿ ಬಿಟ್ಲು. "ಒಪ್ಪಿದವರು ಕೈ ಎತ್ರಿ."

ಹೆಂಗಸ್ರ ಕೈ ಎಲ್ಲಾ ಒಮ್ಮಿಗೇ ಮ್ಯಾಲೆ ಹೋದ್ವು. ಮ್ಯಾಲೆ ಹೋದ ಕೈಯಿಂದ ಖಾರದ ಧೂಳು ಕೆಳಗ ಇಳೀತು, ಸಾವುಕಾರ್ರ ನೆತ್ತಿ ಮ್ಯಾಲೆ.

"ಒಪ್ಪದವರು?"

ಸಾವುಕಾರ್ರು ಎದ್ದು ನಿಂತ್ರು, ಬೆರಳು ಎತ್ತಿದ್ರು, ಬಾಯಿ ತೆರೆದ್ರು. "ಆ... ಆ... ಆಕ್ಷೀ!" ಇನ್ನೊಮ್ಮಿ ಬಾಯಿ ತೆರೆದ್ರು. ಮತ್ತ ಸೀನು. ಮೈಕು ಅದನ್ನೂ ಹೊಲಕ್ಕ ಮುಟ್ಟಿಸಿತು.

ಬಿಲ್ ಕಲೆಕ್ಟರ್ ಪೆನ್ನು ಹಿಡಕೊಂಡು ಅಧ್ಯಕ್ಷಿ ಕಡಿ ನೋಡಿದ. "ಅಕ್ಕಾರ, ಇದನ್ನ ವಿರೋಧ ಅಂತ ಬರೀಲೇನು?"

ಹಿಂದ ನಿಂತ ಗಂಡ ಮೂಗು ಮುಚ್ಚಿಕೊಂಡೇ, "ಸ್ವಲ್ಪ ವಿಚಾರ..." ಅಂದ.

ಅಧ್ಯಕ್ಷಿ ತಿರುಗಿ ನೋಡಲಿಲ್ಲ. "ಚಲೋ ಕೆಲಸಕ್ಕ ಸೀನಬಾರದು ಧಣಿ, ಅಪಶಕುನ. ಕುಂದರ್ರಿ. ಠರಾವು ಪಾಸ್."

ರೂಮು ಎದ್ದವು, ಪಾಯಿಖಾನಿ ಎದ್ದಿತು, ಎಂಟನೇ ಕ್ಲಾಸು ಬಂತು. ಕಟ್ಟಿದ್ದರ ಬಗ್ಗೆ ಹೇಳೋವಂಥಾ ತಮಾಷಿ ಏನೂ ಇಲ್ಲ. ಪೇಂಟರ್ ಒಬ್ಬ ಮಾತ್ರ ಬಣ್ಣದ ಡಬ್ಬಿ ಹಿಡಕೊಂಡು ಬಂದು, "ಹೆಸರು ಯಾರದು ಬರೀಲಿ?" ಅಂದ. ಊರವರದೆಲ್ಲ ಬರಿಯಪಾ ಅಂದ್ವಿ. ಗೋಡಿ ಅಳತಿ ನೋಡಿದ, ಊರ ಕಡಿ ನೋಡಿದ, ಡಬ್ಬಿ ಮುಚ್ಚಿಕೊಂಡು ವಾಪಸ್ ಹೋದ.

ಕ್ಲಾಸು ಸುರು ಆದ ದಿನ ಸಾವುಕಾರ್ರೂ ಬಂದ್ರು. ಏನೇ ಆಗ್ಲಿ, ಕರ ಕಟ್ಟಿದ್ರು, ಮಾರಿ ಗಂಟು ಹಾಕ್ಕೊಂಡೇ ಕಟ್ಟಿದ್ರು. ಹೊಸಾ ರೂಮಿನ್ಯಾಗ ಕಾಲಿಟ್ಟು ನಿಂತ್ರು. ಹೊರಗ ಬಿಸಲು ಸುಡಾಕತ್ತಿತ್ತು, ಒಳಗ ಕರದ ರೊಕ್ಕದಾಗ ತಂದ ಹೊಸಾ ಫ್ಯಾನು ಭರ್ರಂತ ತಿರುಗಾಕತ್ತಿತ್ತು. ಅಂಗಿ ಗುಂಡಿ ಬಿಚ್ಚಿ ಗಾಳಿ ತಗೊಂಡ್ರು. ಆಮ್ಯಾಲೆ ತಲಿ ಎತ್ತಿ, ರೂಢಿ ನೋಡ್ರಿ, ಓದಾಕ ನೋಡಿದ್ರು.

"ಯಾರದು ಮೇಡಮ್ಮಾರ ಈ ಫ್ಯಾನು?"

"ನಿಮ್ದೂ ಐತ್ರಿ. ಎಲ್ಲಾರದೂ."

"ನಂದಾದ್ರ ಹೆಸರೆಲ್ಲೈತಿ?"

ಮೊದಲನೇ ಬೆಂಚಿನ್ಯಾಗ ಕುಂತ ಲೆಕ್ಕದ ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು, ಆಮ್ಯಾಲೆ ಎದ್ದು ನಿಂತಳು.

"ಹೆಸರಿಲ್ರೀ ಧಣಿ. ಅದಕ್ಕ ತಿರುಗಾಕತ್ತೈತಿ."